ಕೆರೆ ಕೇರೆಯಾಗದಂತೆ ಹಾಡು ಬರೆಯುವುದು ಹೇಗೆ?

ಮೈಸೂರಿನ ಬಡಾವಣೆಯೊಂದರ ಗಣೇಶನ ಪೆಂಡಾಲಿನಲ್ಲಿ ಹುಡುಗನೊಬ್ಬ ತಾನೇ ಬರೆದ ಹಾಡು ಹಾಡುತ್ತಿದ್ದ. ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಹುಟ್ಟಿದ ಪ್ರೇಮದ ಕಥೆ. ಟ್ಯೂನು ಚೆನ್ನಾಗಿತ್ತು, ಕಂಠ ಇನ್ನೂ ಚೆನ್ನಾಗಿತ್ತು. ಆದರೆ 'ಕೆರೆ' ಬರುವ ಜಾಗದಲ್ಲೇ ಟ್ಯೂನು ಎಳೆಯುತ್ತಿತ್ತು. ಪ್ರತಿ ಸಲವೂ ಅದು 'ಕೇರೆ' ಆಗುತ್ತಿತ್ತು. ಮೂರನೇ ಸಲಕ್ಕೆ ನನ್ನ ಪಕ್ಕದ ಅಜ್ಜಿ ಕೇಳಿಯೇಬಿಟ್ಟರು: 'ಅದ್ಯಾಕಪ್ಪ ಹಾವಿನ ಮೇಲೆ ಹಾಡು ಕಟ್ಟವ್ನೆ?'

ಭಾವ, ಕಲ್ಪನೆ ಎಲ್ಲ ಇದ್ದೂ ಹಾಡು ಕೆಡುವುದು ಇಲ್ಲೇ. ಹಾಗಾಗಿ ಈ ಲೇಖನದ ಹೆಚ್ಚು ಪಾಲು ಟ್ಯೂನಿಗೆ ಪದ ಕೂರಿಸುವುದಕ್ಕೇ ಮೀಸಲು.

ಸಾಮಾನು ಹೆಚ್ಚೇನೂ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ ಬೇಡ, ಅಳಿಸುವುದೇ ಜಾಸ್ತಿ), ಮೊಬೈಲಿನ ವಾಯ್ಸ್ ರೆಕಾರ್ಡರ್. ಹಾಡು ಬರೆದುಕೊಡುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ನಾನು ನೋಡಿದ ಮೂರೂ 'ಹೃದಯ' ಮತ್ತು 'ಉದಯ' ಬಿಟ್ಟು ಕದಲಲಿಲ್ಲ, ಮಾತ್ರೆಯ ಲೆಕ್ಕವಂತೂ ಕೇಳಲೇಬೇಡಿ.

ಮೊದಲ ಕೆಲಸ: ಟ್ಯೂನನ್ನು ಬಾಯಿಪಾಠ ಮಾಡಿ. ಆಮೇಲೆ ಹಾಡು ಯಾರು ಯಾರಿಗೆ ಹೇಳುವ ಮಾತು ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅಷ್ಟು ಸಾಕು.

ಈಗ ಕಷ್ಟದ ಭಾಗ. ಟ್ಯೂನನ್ನು 'ಲಾಲಲಾ' ಎಂದು ಗುನುಗಿದರೆ ಏನೂ ತಿಳಿಯುವುದಿಲ್ಲ. 'ತನನ, ತಾನ' ಎಂದು ಹಾಡಿ ಬರೆದುಕೊಳ್ಳಿ. ಸ್ವರ ಚುಟುಕಾದಲ್ಲಿ 'ತ' ಅಥವಾ 'ನ', ಎಳೆಯುವಲ್ಲಿ 'ತಾ'. ನಿಮ್ಮ ಟ್ಯೂನು ಹೀಗೆ ಬಂತು ಅನ್ನಿ:

ತನನ ತಾನ ತನನ ತಾನ

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಹೇಳಿದ್ದು ನೆನಪಿದೆಯಲ್ಲ? ಆ ಲೆಕ್ಕದಲ್ಲಿ ಇಲ್ಲಿ ಮೂರು ಮಾತ್ರೆಯ ನಾಲ್ಕು ಗಣಗಳಿವೆ. ನಾನು ಮೊದಲು ಬರೆದದ್ದು:

ಕೆರೆಯ ಏರಿ ಬಿಸಿಲು ಜಾರಿ

ಲೆಕ್ಕ ಸರಿ. ಆದರೆ ಹಾಡಿದಾಗ 'ಯ' ಮತ್ತು 'ಏ' ಕೂಡಿಕೊಂಡು 'ಕೆರೆಯೇರಿ' ಆಯಿತು, ಆರು ಮಾತ್ರೆ ಐದಾಯಿತು. ಹಾಗಾಗಿ 'ಕೆರೆಯ ಮೇಲೆ' ಎಂದು ತಿದ್ದಿದೆ. ಏರಿ-ಜಾರಿ ಪ್ರಾಸ ಹೋಯಿತು, ಹೋಗಲಿ.

ಮಾತ್ರೆ ಕೂಡಿಸಿದರೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಅಲ್ಲ. 'ಕೆರೆಯ'ಕ್ಕೂ ಮೂರು, 'ಮೇಲೆ'ಗೂ ಮೂರು. ಹಾಗೆಂದು ಎರಡನ್ನೂ ಅದಲುಬದಲು ಮಾಡಿ ನೋಡಿ. 'ತಾ' ಎಂಬ ಎಳೆತ ಸೀದಾ 'ಕೆ' ಮೇಲೆ ಬೀಳುತ್ತದೆ, ಅಜ್ಜಿಯ ಹಾವು ವಾಪಸ್ ಬರುತ್ತದೆ. ಹೀಗೇ 'ಬಳೆ' ಬಾಳೆಯಾಗುತ್ತದೆ, 'ಮನ' ಮಾನವಾಗುತ್ತದೆ. ಟ್ಯೂನು ಎಳೆಯುವ ಕಡೆಗೇ ದೀರ್ಘ ಬರಬೇಕು.

ಇನ್ನೊಂದು ಸೂಕ್ಷ್ಮವಿದೆ, ಛಂದಸ್ಸು ಓದಿಕೊಂಡವರೂ ಇಲ್ಲಿ ಜಾರುತ್ತಾರೆ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ, ಅಂದರೆ 'ಬೆಟ್ಟ' ಕೂಡ 'ತಾನ'. ಆದರೆ ಆ 'ಬೆ'ಯನ್ನು ಎಳೆದು ನೋಡಿ: ಚಾಮುಂಡಿ ಬೇಟ! ಹಳಗನ್ನಡದಲ್ಲಿ ಬೇಟ ಎಂದರೆ ಪ್ರಣಯ. ಪ್ರೇಮಗೀತೆಯಾದರೆ ಹೇಗೋ ಬಚಾವು, ಭಕ್ತಿಗೀತೆಯಾದರೆ ಗತಿ? ಕ್ಕ, ಟ್ಟ, ತ್ತ, ಪ್ಪ ಉಸಿರನ್ನು ಕತ್ತರಿಸುತ್ತವೆ. ನ್ನ, ಮ್ಮ, ಲ್ಲ, ಳ್ಳ ಬಂದರೆ ಗಾಯಕರು ಅಲ್ಲೇ ಗುನುಗಿ ಸ್ವಲ್ಪ ಹೊತ್ತು ನಿಲ್ಲಬಹುದು. ಒಟ್ಟಿನಲ್ಲಿ ಓಡುವ ಕಡೆ ಒತ್ತಕ್ಷರ, ನಿಲ್ಲುವ ಕಡೆ ದೀರ್ಘ. ತಾರಸ್ಥಾಯಿಯಲ್ಲಿ ನಿಲ್ಲಬೇಕಾದರೆ ನಾನು 'ಆ'ಕಾರ ಬಿಟ್ಟು ಬೇರೆ ಹಾಕುವುದೇ ಇಲ್ಲ. ಅಲ್ಲಿ 'ಈ' ಇಟ್ಟರೆ ಗಾಯಕಿಯ ಮುಖ ನೋಡಲಾಗುವುದಿಲ್ಲ.

ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪದ ಮುರಿಯಬಾರದು. 'ಅವಳು ಬರಲಿ' ಎಂದು ಹಾಡಿ, ಉಸಿರೆಳೆದು, ಆಮೇಲೆ 'ಲ್ಲ' ಎಂದರೆ ಕೇಳುವವರು ಯಾವುದನ್ನು ನಂಬಬೇಕು?

ಟ್ಯೂನು ಏಳೆಣಿಕೆಯ ಮಿಶ್ರಛಾಪು ತಾಳದಲ್ಲಿದ್ದರೆ ಗಾಬರಿ ಬೇಡ. ಭಾಮಿನಿ ಷಟ್ಪದಿಯ ನಡೆಯೂ ಮೂರು-ನಾಲ್ಕೇ. ವಾರವಿಡೀ ಗಮಕ, ಅಂದರೆ ರಾಗವಾಗಿ ಮಾಡುವ ಕಾವ್ಯವಾಚನ, ಕೇಳಿ, ಕಿವಿಗೆ ತಾನಾಗಿ ಹತ್ತುತ್ತದೆ.

ಪದ ಕೂರದೆ ಇದ್ದಾಗ ಮಂಡ್ಯದ ಮಾತು ಕೈಹಿಡಿಯುತ್ತದೆ. 'ಬರುತ್ತೇನೆ'ಗೆ ಆರು ಮಾತ್ರೆ, 'ಬತ್ತೀನಿ'ಗೆ ಐದು. ಆದರೆ ಪಲ್ಲವಿಯಲ್ಲಿ 'ಬತ್ತೀನಿ ಕಣೆ' ಎಂದವನು ಚರಣದಲ್ಲಿ 'ಪ್ರಿಯತಮೆ, ನಿನ್ನ ನಯನದಿ' ಎಂದರೆ ಮದ್ದೂರಿನಲ್ಲಿ ಬಸ್ಸು ಹತ್ತಿದವನು ಬೇರೆ, ಇಳಿದವನು ಬೇರೆ ಅನ್ನಿಸುತ್ತದೆ.

ಪ್ರಾಸ ಕೊನೆಗೆ. ಕನ್ನಡದಲ್ಲಿ ಅಂತ್ಯಪ್ರಾಸ ತೀರಾ ಸಲೀಸು, ಅದೇ ಅಪಾಯ. ಮನದಲ್ಲಿ, ವನದಲ್ಲಿ, ದಿನದಲ್ಲಿ... ಇಲ್ಲಿ ಪ್ರಾಸ ಹಾಕಿದ್ದು ನೀವಲ್ಲ, ಸಪ್ತಮೀ ವಿಭಕ್ತಿ. ಸಾಲುಗಳ ಎರಡನೇ ಅಕ್ಷರ ಹೊಂದಿಸುವ ಆದಿಪ್ರಾಸ ಪ್ರಯತ್ನಿಸಿ:

ಕೆರೆಯ ಮೇಲೆ ಬಿಸಿಲು ಜಾರಿ
ಮರದ ನೀಳ ನೆರಳು ಸೇರಿ

ನಿಘಂಟು ಮೊದಲ ಅಕ್ಷರದ ಕ್ರಮದಲ್ಲಿ ಇರುವುದರಿಂದ ಇದಕ್ಕೆ ಅಷ್ಟಾಗಿ ಒದಗುವುದಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡನೇ ಅಕ್ಷರದ ಪ್ರಕಾರ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. 'ರ' ಪುಟ ಬೇಗ ತುಂಬುತ್ತದೆ.

ಬರೆದಾದ ಮೇಲೆ ನೀವೇ ಹಾಡಿ ರೆಕಾರ್ಡ್ ಮಾಡಿ, ಸಾಹಿತ್ಯ ಗೊತ್ತಿಲ್ಲದವರಿಗೆ ಕೇಳಿಸಿ, ಕೇಳಿಸಿದ್ದನ್ನು ಬರೆಯಲು ಹೇಳಿ. ಅವರು 'ಬಾಳೆ' ಎಂದು ಬರೆದರೆ ಜಗಳ ಬೇಡ, ಸಾಲು ತಿದ್ದಿ. ಸ್ಟುಡಿಯೋಗೆ ಕಳಿಸುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಕಡತ ವಾಟ್ಸ್ಆ್ಯಪ್‌ನಲ್ಲಿ ಕಲಸುಮೇಲೋಗರ.

ಹಕ್ಕಿನ ವಿಚಾರ: ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬದುಕಿರುವವರೆಗೆ, ಆಮೇಲೆ ವಾರಸುದಾರರಿಗೆ 60 ವರ್ಷ. 2012ರ ತಿದ್ದುಪಡಿ ಸಿನಿಮಾ ಹಾಡಿನ ಸಾಹಿತಿಗೂ ರಾಯಲ್ಟಿಯಲ್ಲಿ ಪಾಲು ಕೊಟ್ಟಿದೆ. 'ಹೆಸರು ಬರುತ್ತಲ್ಲ, ಸಾಕು ಬಿಡಿ ಸಾರ್' ಎನ್ನುವವರು ಸಿಗುತ್ತಾರೆ. ಅಂಥವರಿಗೆ ಪಲ್ಲವಿ ಮಾತ್ರ ಕಳಿಸಿ. ಚರಣ, ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ.