ಕೊಟ್ಟಿಗೆಯ ಗಂಟೆ ಮೊಬೈಲಿನಲ್ಲಿ ಮೊಳಗಿದ್ದು

ಗಂಟೆಯ ನಾದವನ್ನು ಮೈಕ್ ಹಿಡಿದು ರಿಂಗ್‌ಟೋನ್ ಮಾಡುವುದು ಆಗದ ಕೆಲಸ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನ ಸ್ಟುಡಿಯೊದಲ್ಲಿ ದುಡಿಯುವ ಗೆಳೆಯನಂತೂ, ‘ಬೇಕಾದ ಗಂಟೆ ಕಂಪ್ಯೂಟರಿನಲ್ಲೇ ಇದೆ ಮಾರಾಯ, ನೀನು ಊರಿನಲ್ಲಿ ಕುಳಿತು ಏಕೆ ಒದ್ದಾಡುತ್ತೀಯ’ ಎಂದಿದ್ದ. ಕಳೆದ ಚಳಿಗಾಲದಿಂದ ಅವನ ಫೋನಿನಲ್ಲೇ ನನ್ನ ಗಂಟೆ ಮೊಳಗುತ್ತಿದೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ನಾನು ಮೊದಲು ಕೈಹಾಕಿದ್ದು ಊರ ದೇವಸ್ಥಾನದ ದೊಡ್ಡ ಗಂಟೆಗೆ. ಭಟ್ಟರ ಒಪ್ಪಿಗೆ ಪಡೆದು ಬೆಳಗಿನ ನಾಲ್ಕೂವರೆಗೆ ಹೋಗಿ, ಒಳ್ಳೆಯ ಗುಣಮಟ್ಟ ಇರಲೆಂದು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಹಿಡಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಜುಮ್ಮೆನ್ನುವ ನಾದ. ಅದನ್ನೇ ಮೊಬೈಲಿಗೆ ಹಾಕಿದರೆ ತಗಡಿನ ಡಬ್ಬ ಬಡಿದಂತೆ ‘ಟಣಕ್’ ಎಂಬುದಷ್ಟೇ ಉಳಿಯಿತು. ಸದ್ದು ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್, ಅಂದರೆ ಯಾವ ಎತ್ತರದ ದನಿ ಎಷ್ಟಿದೆ ಎಂಬ ಚಿತ್ರ, ನೋಡಿದಾಗ ಕಾರಣ ಕಾಣಿಸಿತು. ಗಂಟೆಯ ತುಂಬುದನಿ ಇದ್ದದ್ದು 300 ಹರ್ಟ್ಸ್, ಅಂದರೆ ಸೆಕೆಂಡಿಗೆ 300 ಕಂಪನಗಳ ಆಸುಪಾಸಿನಲ್ಲಿ. ಬೆರಳಿನ ಉಗುರಿನಷ್ಟಗಲದ ಸ್ಪೀಕರಿಗೆ ಅದನ್ನು ಎತ್ತುವ ಶಕ್ತಿಯೇ ಇಲ್ಲ. ಈಕ್ವಲೈಜರ್‌ನಲ್ಲಿ ತಳದ ದನಿಯನ್ನು ಏರಿಸಿದೆ, ಸ್ಪೀಕರ್ ಒಡಕು ಸದ್ದು ಮಾಡಿತು. ಸರಿಯಾದ ಮೈಕ್ ಇಲ್ಲದ್ದೇ ತಪ್ಪು ಎಂದುಕೊಂಡು ಆರು ಸಾವಿರ ಕೊಟ್ಟು ಕಂಡೆನ್ಸರ್ ಮೈಕ್ ತರಿಸಿದೆ. ಪೇಟೆಯ ಸ್ಟುಡಿಯೊ ಒಂದಕ್ಕೆ ಎರಡು ತಾಸಿಗೆ ಸಾವಿರದ ಆರುನೂರೋ ಏಳುನೂರೋ ತೆತ್ತೆ. ಹತ್ತು ಸಾವಿರದ ರೆಕಾರ್ಡರ್ ಮೊದಲೇ ಇತ್ತು. ಒಟ್ಟು ಹದಿನೆಂಟು ಸಾವಿರದ ಹತ್ತಿರ ಹೋಯಿತು, ಕೈಗೆ ಒಂದು ಟೋನೂ ಬರಲಿಲ್ಲ. ಆ ಮೈಕ್ ಇಂದಿಗೂ ಪೆಟ್ಟಿಗೆಯಲ್ಲೇ ಇದೆ.

ದಾರಿ ಸಿಕ್ಕಿದ್ದು ಕೊಟ್ಟಿಗೆಯ ಅಟ್ಟದಲ್ಲಿ. ಹಿಂದೆ ದನಗಳನ್ನು ಬೆಟ್ಟಕ್ಕೆ ಬಿಡುತ್ತಿದ್ದ ಕಾಲದಲ್ಲಿ ಕೊರಳಿಗೆ ಕಟ್ಟುತ್ತಿದ್ದ ಕಂಚಿನ ಗಂಟೆ, ಮುಷ್ಟಿಗಿಂತ ತುಸು ದೊಡ್ಡದು. ಹಗ್ಗ ಹರಿದಿತ್ತು, ನಾಲಗೆ ಬಿದ್ದುಹೋಗಿತ್ತು. ಅಪ್ಪ ಅದನ್ನು ಎತ್ತಿ, ‘ಇದರ ಸದ್ದು ಹಿಡಿದು ನಾನು ಹೊಳೆಯಾಚೆಯಿಂದ ದನ ಹುಡುಕಿಕೊಂಡು ಬರುತ್ತಿದ್ದೆ’ ಎಂದರು. ಅಲ್ಲಿಗೆ ನನ್ನ ತಲೆಯಲ್ಲಿ ದೀಪ ಹೊತ್ತಿತು. ಗಿಡಗಂಟಿಗಳ ನಡುವೆ, ಗಾಳಿಯ ಸದ್ದಿನ ಮೇಲೆ, ದೂರದಿಂದ ಕರೆಯಲೆಂದೇ ಮಾಡಿದ ವಸ್ತು ಇದು. ರಿಂಗ್‌ಟೋನಿನ ಕೆಲಸವೂ ಅದೇ ಅಲ್ಲವೇ? ಅಳೆದು ನೋಡಿದರೆ ಅದರ ಮುಖ್ಯ ದನಿ 1100 ಹರ್ಟ್ಸ್ ಸುಮಾರಿಗೆ, ಮೇಲಿನ ಗಟ್ಟಿ ದನಿ 2600ರ ಹತ್ತಿರ. ಮೊಬೈಲಿನ ಸ್ಪೀಕರ್ ಸಲೀಸಾಗಿ ನುಡಿಯುವ ಜಾಗ. ವಯಸ್ಸಾದವರಿಗೆ ಕೇಳುವುದು ಕಡಿಮೆಯಾಗುವ ತೀರ ಮೇಲಿನ ದನಿಗಳನ್ನು ಅದು ನೆಚ್ಚಿಕೊಂಡಿಲ್ಲ.

ಇನ್ನು ಜಾಗ. ಮನೆಯ ಯಾವ ಕೋಣೆಯಲ್ಲಿ ಬಾರಿಸಿದರೂ ಗೋಡೆಯ ಪ್ರತಿಧ್ವನಿ ಅಂಟಿಕೊಂಡು ಬರುತ್ತಿತ್ತು. ಹೊರಗೆ ತೋಟದಲ್ಲಿ ಹಿಡಿದರೆ ಮಿಡತೆ, ಜೀರುಂಡೆಗಳ ಕಾಟ. ಅವುಗಳ ಸದ್ದು ಬಹುಪಾಲು 4000 ಹರ್ಟ್ಸ್‌ನಿಂದ ಮೇಲೆಯೇ ಇದ್ದರೂ ಹಿನ್ನೆಲೆ ಸದ್ದು ಅಳಿಸುವ ನಾಯ್ಸ್ ರಿಡಕ್ಷನ್ ಕೊಟ್ಟರೆ ಗಂಟೆಯ ಹೊಳಪೂ ಅದರ ಜೊತೆಗೇ ಹೋಗುತ್ತಿತ್ತು. ಕೊನೆಗೆ ಒದಗಿದ್ದು ನಮ್ಮ ಅಡಿಕೆ ಮೂಟೆಗಳ ಕೋಣೆ. ಮಂಡಿಗೆ ಕಳಿಸುವ ಮುಂಚೆ ಮೂವತ್ತೈದು–ನಲವತ್ತು ಮೂಟೆ ಸೂರಿನವರೆಗೆ ಪೇರಿಸಿದ್ದೆವು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡಿಸಿಕೊಂಡು ಅಲ್ಲಿ ಕುಳಿತು ಕೈ ತಟ್ಟಿದರೆ ಸದ್ದು ಅಲ್ಲಿಯೇ ಇಂಗಿಹೋಗುತ್ತಿತ್ತು. ಕಾಸು ಕೊಟ್ಟ ಸ್ಟುಡಿಯೊಗಿಂತ ಮೇಲು ಎಂದು ಎದೆ ತಟ್ಟಿ ಹೇಳುತ್ತೇನೆ. ಧಾರಣೆ ಏರಿದ್ದಾಗಲೂ ಅಪ್ಪ ನನಗಾಗಿ ಹತ್ತು ದಿನ ಮೂಟೆ ತಡೆದರು. ಆ ಋಣ ದೊಡ್ಡದು.

ಗಂಟೆಯನ್ನು ಹತ್ತಿಯ ದಾರದಲ್ಲಿ ತೂಗುಹಾಕಿ ಬಾರಿಸಿದರೂ ನಾದ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ, ‘ವೋಂ ವೋಂ’ ಎಂದು ಅಲುಗುತ್ತಿತ್ತು. ಎರಕದ ಗಂಟೆ ಯಾವಾಗಲೂ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಹಾಗಾಗಿ ಒಂದಕ್ಕೊಂದು ತೀರ ಹತ್ತಿರದ ಎರಡು ದನಿ ಒಟ್ಟಿಗೆ ಎದ್ದು ಗುದ್ದಾಡುತ್ತವೆ. ಅಂಚಿನ ಸುತ್ತ ಸೀಮೆಸುಣ್ಣದಲ್ಲಿ ಹದಿನಾರು ಗುರುತು ಹಾಕಿ ಒಂದೊಂದರ ಮೇಲೂ ಬಾರಿಸುತ್ತ ಹೋದೆ. ಏಳನೆಯ ಗುರುತಿಗೆ ಬಂದಾಗ ಅಲುಗಾಟ ನಿಂತು ಒಂದೇ ಎಳೆಯ ನಾದ ಹೊಮ್ಮಿತು. ಎರಡು ದನಿಗಳಲ್ಲಿ ಒಂದು ಮಾತ್ರ ಏಳುವ ಜಾಗ ಅದು. ನಿಮ್ಮ ಗಂಟೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ತಾಳ್ಮೆಯಿಂದ ಹುಡುಕಿ. ಕಬ್ಬಿಣದ ನಾಲಗೆ ಬೇಡ, ಮರದ ಕೋಲು ಸಾಕು. ಕೋಲಿನ ತುದಿಗೆ ನಾನು ಏನು ಸುತ್ತಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಎರಡು ತಿಂಗಳು ಸವೆಸಿದ್ದೇನೆ.

ಕತ್ತರಿಸಿ ಜೋಡಿಸುವಾಗ ನಾನು ಹೆಡ್‌ಫೋನನ್ನು ಪೂರ್ತಿ ಬಿಟ್ಟೆ. ಪ್ರತಿ ಬದಲಾವಣೆಯನ್ನೂ ಹಳೆಯದೊಂದು ಅಗ್ಗದ ಫೋನಿಗೆ ಹಾಕಿ, ಅದನ್ನು ಪಂಚೆಯಲ್ಲಿ ಸುತ್ತಿ ಚೀಲದೊಳಗಿಟ್ಟು ಅಂಗಳದ ತುದಿಯಿಂದ ಕೇಳುತ್ತಿದ್ದೆ. 500 ಹರ್ಟ್ಸ್ ಕೆಳಗಿನ ದನಿಯನ್ನೆಲ್ಲ ಕತ್ತರಿಸಿದ ಮೇಲೆ ಸ್ಪೀಕರಿನ ಒದ್ದಾಟ ತಪ್ಪಿತು, ಸದ್ದು ಇನ್ನೂ ಜೋರಾಯಿತು. ತಲೆನೋವು ಕೊಟ್ಟದ್ದು ಸುತ್ತು. ಎಂಪಿ3ಯಲ್ಲಿ ಟೋನ್ ಮುಗಿದು ಮತ್ತೆ ಶುರುವಾಗುವಾಗ ಸಣ್ಣ ಬಿರುಕು ಉಳಿಯುತ್ತದೆ. ಆಂಡ್ರಾಯ್ಡಿಗೆ ಎಂಪಿ3ಯ ಬದಲು ಓಗ್ ಎಂಬ ಬಗೆಯ ಕಡತ ಮಾಡಿ, ಮುಗಿದೊಡನೆ ಮತ್ತೆ ನುಡಿಸು ಎಂದು ಫೋನಿಗೆ ಹೇಳುವ ಆಂಡ್ರಾಯ್ಡ್ ಲೂಪ್ ಟ್ಯಾಗ್ ಅದರಲ್ಲಿ ಸೇರಿಸಿದ ಮೇಲೆ ಬಿರುಕು ಮುಚ್ಚಿತು. ಕೊನೆಯ ಪೆಟ್ಟಿನ ಬಾಲವನ್ನು ಕತ್ತರಿಸಿ ಎಸೆಯದೆ ಮೊದಲ ಪೆಟ್ಟಿನ ಕೆಳಗೆ ಬೆರೆಸಿದೆ. ಐಫೋನಿನವರಿಗೆ 30 ಸೆಕೆಂಡಿನೊಳಗೆ ಮುಗಿಸಿ ಬೇರೆ ಕಡತ ಕೊಡುತ್ತೇನೆ.

ನಡುವೆ ಜಲತರಂಗದ ಹುಚ್ಚೂ ಹತ್ತಿತ್ತು. ಪಿಂಗಾಣಿ ಬಟ್ಟಲುಗಳಿಗೆ ನೀರು ಹಾಕಿ ಹಂಸಧ್ವನಿ ರಾಗದ ಐದು ಸ್ವರ ಕೂಡಿಸಿದೆ. ನೀರು ಹೆಚ್ಚಿದಷ್ಟೂ ಶ್ರುತಿ ಇಳಿಯುತ್ತದೆ, ಗಾಂಧಾರದ ಬಟ್ಟಲಿಗೆ ಚಮಚದಲ್ಲಿ ಹನಿ ಹನಿ ಬಿಟ್ಟು ಅರ್ಧ ದಿನ ಕಳೆದೆ. ಅದು ಸುಂದರವಾಗಿಯೇ ಬಂತು, ಆದರೆ ಬಸ್ಸಿನ ಗದ್ದಲದಲ್ಲಿ ಕೇಳಲಿಲ್ಲ. ಈಗ ಅದನ್ನು ಮೆಸೇಜಿನ ಸದ್ದಾಗಿ ಬಳಸುತ್ತಿದ್ದೇನೆ. ಗಂಟೆಯನ್ನು ಕಾಲರ್ ಟ್ಯೂನ್ ಮಾಡಲು ಹೋಗಿಯೂ ಸೋತೆ. ಹಳೆಯ ಬಗೆಯ ಸಾಮಾನ್ಯ ಕರೆಯಲ್ಲಿ ದಾಟುವುದು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ, ಅದನ್ನೂ ಮನುಷ್ಯನ ಮಾತಿಗೆ ಹೊಂದುವಂತೆ ಹಿಂಡಿರುತ್ತಾರೆ. ಗಂಟೆ ಅಲ್ಲಿ ನೀರಿನಡಿಯಿಂದ ಬಂದಂತೆ ಕೇಳುತ್ತದೆ.

ಇಲ್ಲಿಯವರೆಗೆ ನಾಲ್ಕು ಟೋನುಗಳ ಮಾರಾಟದಿಂದ ಇಪ್ಪತ್ತೆರಡು, ಇಪ್ಪತ್ಮೂರು ಸಾವಿರ ಬಂದಿದೆ. ಹಾಕಿದ್ದು ಮರಳಿದೆ, ಮೇಲೆ ಸ್ವಲ್ಪ ಉಳಿದಿದೆ. ಅಪ್ಪನ ಫೋನಿಗೂ ಹಾಕಿಕೊಟ್ಟೆ. ಮೊದಲು ತೋಟದಲ್ಲಿದ್ದಾಗ ನಾಲ್ಕು ಸಲ ಕರೆದರೂ ಎತ್ತುತ್ತಿರಲಿಲ್ಲ, ಈಗ ಫೋನಿರುವ ಅಂಗಿಯನ್ನು ಅಡಿಕೆ ಮರಕ್ಕೆ ನೇತುಹಾಕಿ ಮೂರು ಸಾಲು ಆಚೆ ಇದ್ದರೂ ತಿರುಗಿ ನೋಡುತ್ತಾರೆ. ಪಕ್ಕದ ಮನೆಯವರು ತಮ್ಮ ಅಟ್ಟದಿಂದ ಇನ್ನೆರಡು ಗಂಟೆ ತಂದುಕೊಟ್ಟಿದ್ದಾರೆ, ಒಂದರ ಅಂಚು ತುಸು ಸೀಳಿದೆ. ಗುರುತು ಹಾಕಿ ಇಟ್ಟಿದ್ದೇನೆ. ಕೋಣೆ ಸದ್ಯಕ್ಕೆ ಖಾಲಿ, ಕೊಯ್ಲು ಮುಗಿದು ಮೂಟೆ ತುಂಬಬೇಕು.