ಬಾಗಲಕೋಟೆಗೆ ಹತ್ತು ತಾಸಿನಲ್ಲಿ 3 ಟಿಬಿ: ನನ್ನ ಅನುಭವ

"ಆಗಂಗಿಲ್ರಿ ಸರ್, ಕೊರಿಯರ್‌ನ್ಯಾಗ ಡಿಸ್ಕ್ ತರಸ್ರಿ." ಡೇಟಾ ನೆಟ್‌ನಲ್ಲೇ ಇಳಿಸೋಣ ಅಂದರೆ ನಮ್ಮ ಲ್ಯಾಬಿನಲ್ಲಿ ಎಲ್ಲರದ್ದೂ ಇದೇ ಮಾತು. ದುಂಡಾಣು ಅಂಗಮಾರಿ ತಡೆದುಕೊಳ್ಳುವ ದಾಳಿಂಬೆ ತಳಿ ಹುಡುಕುವ ಕೆಲಸ ನಮ್ಮದು. ಅದರ ಜೀನೋಮ್ ಡೇಟಾ ಯುರೋಪಿನ ಗೆಳೆಯರ ಸರ್ವರ್‌ನಲ್ಲಿತ್ತು, ಸುಮಾರು 3 ಟಿಬಿ, ಅಂದ್ರೆ 3000 ಜಿಬಿ. ಹಿಂದೊಮ್ಮೆ ಡಿಸ್ಕನ್ನೇ ತರಿಸಿದ್ದೆವು. ಅದು ಬಾಗಲಕೋಟೆಯ ನವನಗರ ಮುಟ್ಟೋಕೆ ಮೂರು ವಾರ ಹಿಡೀತು, ಖರ್ಚು ರೂ. 14,000 ಆಸುಪಾಸು. ಹಚ್ಚಿದರೆ ಟಕ್ ಟಕ್ ಸದ್ದು, ಒಂದು ಫೈಲೂ ತೆರೆಯಲಿಲ್ಲ.

ನಮ್ಮದು 1 ಜಿಬಿಪಿಎಸ್ (ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ) ಲೈನು. ನೆಟ್‌ನಲ್ಲಿ ಫೈಲ್ ನಕಲಿಸುವ ಎಸ್‌ಸಿಪಿ ಹಚ್ಚಿದರೆ ಸೆಕೆಂಡಿಗೆ 3-4 ಎಂಬಿ. ಹತ್ತು ದಿನದ ಲೆಕ್ಕ ಅದು! ಪಿಂಗ್ (ಅಲ್ಲಿಗೆ ಹೋಗಿ ಬರುವ ಸಮಯ) 160 ಮಿಲಿಸೆಕೆಂಡ್, ಅಂದ್ರೆ ಲೈನು ತುಂಬಿರಬೇಕಾದರೆ ದಾರಿಯಲ್ಲೇ 20 ಎಂಬಿ ಇರಬೇಕು. ಅದಕ್ಕೆ ಕರ್ನಲ್ ಬಫರನ್ನು (ಡೇಟಾ ತಂಗುವ ಮೆಮೊರಿ) 64 ಎಂಬಿಗೆ ಏರಿಸಿದೆ. ಬರೀ ಲೈನಿನ ವೇಗ ಅಳೆಯುವ ಐಪರ್ಫ್ ಜಿಗಿಯಿತು, ಎಸ್‌ಸಿಪಿ ಇದ್ದಲ್ಲೇ ಇತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೀತು: ಎಸ್‌ಸಿಪಿ ಓಡುವ ಎಸ್‌ಎಸ್‌ಎಚ್‌ಗೆ ಅದರದ್ದೇ 2 ಎಂಬಿ ಕಿಂಡಿ ಇದೆ, ಒಂದು ಸಲಕ್ಕೆ ದಾರಿಯಲ್ಲಿ ಅಷ್ಟೇ ಇರಬಹುದು. ಎಷ್ಟೇ ತಿಪ್ಪರಲಾಗ ಹಾಕಿದರೂ ಸೆಕೆಂಡಿಗೆ 12-13 ಎಂಬಿ ದಾಟಲ್ಲ. ಅದನ್ನು ಬಿಟ್ಟೆ. ಗೆಳೆಯರು ಎಚ್‌ಟಿಟಿಪಿಎಸ್ ಸರ್ವರ್ ಎಬ್ಬಿಸಿದರು, ನಾನು ಇಲ್ಲಿ ಏರಿಯಾ2 (ಹಲವು ಕನೆಕ್ಷನ್‌ನಲ್ಲಿ ಒಟ್ಟಿಗೆ ಇಳಿಸುವ ಪ್ರೋಗ್ರಾಂ) ಹಚ್ಚಿದೆ.

ಡೇಟಾ ಕಳಿಸುವ ವೇಗ ನಿಯಂತ್ರಿಸುವ ಬಿಬಿಆರ್ ವಿಷಯದಲ್ಲೂ ಒಂದು ದಿನ ಹಾಳಾಯ್ತು. ನಮ್ಮ ಮಷೀನಿನಲ್ಲಿ ಆನ್ ಮಾಡಿ ಕಾದಿದ್ದೇ ಬಂತು. ಅದು ಕೆಲಸ ಮಾಡೋದು ಕಳಿಸುವವರ ಕಡೆ ಅಲ್ವಾ! ಅವರು ಆನ್ ಮಾಡಿದ ಹತ್ತೇ ನಿಮಿಷಕ್ಕೆ ವೇಗ ಸೆಕೆಂಡಿಗೆ 30 ಎಂಬಿ.

ಆಮೇಲೆ ಕ್ಯಾಂಪಸ್ ಫೈರ್‌ವಾಲ್, ನೆಟ್‌ವರ್ಕಿನ ಕಾವಲುಗಾರ. ಪ್ರತಿ ಪ್ಯಾಕೆಟನ್ನೂ ತೆರೆದು ನೋಡುತ್ತಾ ನಡುನಡುವೆ ಕೆಲವನ್ನು ಬೀಳಿಸುತ್ತಿತ್ತು. ಈ ಒಂದು ಮಷೀನಿಗೆ ಫೈರ್‌ವಾಲ್ ಹೊರಗೆ ಬೇರೆ ಪೋರ್ಟ್ ಕೊಡಿಸೋಕೆ ಒಂದು ತಿಂಗಳು ಓಡಾಡಿದೆ. ಆ ಸರ್ವರಿನ ಐಪಿಗೆ ಮಾತ್ರ ದಾರಿ, ಉಳಿದದ್ದೆಲ್ಲ ಬಂದ್. ವೇಗ 60 ಎಂಬಿ ದಾಟಿದ್ದು ಆಗಲೇ.

ಮುಂದಿನ ಅಡ್ಡಿ ನಮ್ಮ ಹಾರ್ಡ್ ಡಿಸ್ಕ್. ಒಂದೇ ಫೈಲ್ ಬರೆದರೆ 150 ಎಂಬಿ ಕೊಡೋದು, ಎಂಟ್ಹತ್ತು ಫೈಲ್ ಒಟ್ಟಿಗೆ ಬಂದರೆ 40ಕ್ಕೆ ಕುಸಿಯುತ್ತೆ. ರೂ. 12,000 ಕೊಟ್ಟು 2 ಟಿಬಿ ಎನ್‌ವಿಎಂಇ (ವೇಗದ ಚಿಪ್ ಡಿಸ್ಕ್) ತಂದೆ. ಮೊದಲು ಅದರ ಮೇಲೆ ಇಳಿಸು, ಪೂರ್ತಿಯಾದ ಫೈಲನ್ನು ಹಿಂದಿನಿಂದ ಹಾರ್ಡ್ ಡಿಸ್ಕಿಗೆ ದಾಟಿಸು. ಈ ದಾಟಿಸುವ ಸ್ಕ್ರಿಪ್ಟ್ ನನ್ನ ಸ್ವಂತದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಷ್ಟು ಕನೆಕ್ಷನ್ ಇಟ್ಟೆ ಅನ್ನೋದೂ ಅಷ್ಟೇ. ನಿಮ್ಮ ಲೈನಿಗೆ ನೀವೇ ಹುಡುಕಬೇಕು.

ನಡುವೆ ಜಂಬೋ ಫ್ರೇಮ್ (ದೊಡ್ಡ ಪ್ಯಾಕೆಟ್) ಕೂಡ ನೋಡಿದೆ. ಎಂಟಿಯು (ಪ್ಯಾಕೆಟಿನ ಗರಿಷ್ಠ ಅಳತೆ) 9000 ಬೈಟ್ ಇಟ್ಟರೆ ಪಿಂಗ್‌ನ ಸಣ್ಣ ಪ್ಯಾಕೆಟ್ ಹೋಗುತ್ತೆ, ಡೇಟಾ ನಿಂತುಬಿಡುತ್ತೆ. ದಾರಿಯ ಯಾವುದೋ ಸ್ವಿಚ್ ಒಪ್ಪಲಿಲ್ಲ. ವಾಪಸ್ 1500. ಇನ್ನು ಫೈಲ್ ಕಳಿಸೋಕೆ ಆರ್‌ಸಿಂಕ್ ಬಳಸಿದರೆ ಅದರಲ್ಲಿ ಕಂಪ್ರೆಷನ್ ಹಾಕಬೇಡಿ. ಜಿಜಿಪ್‌ನಿಂದ ಮೊದಲೇ ಹಿಂಡಿದ ಫೈಲನ್ನು ಮತ್ತೆ ಹಿಂಡಿದರೆ ಸುಮ್ನೆ ಸಿಪಿಯು ಸುಡುತ್ತೆ, ಅಷ್ಟೇ.

ಕೊನೆಗೆ ಒಂದು ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆ. ವೇಗ 85-90 ಎಂಬಿಯಲ್ಲಿ ಗಟ್ಟಿ ನಿಂತಿತು. ಬೆಳಿಗ್ಗೆ ಏಳಕ್ಕೆ ಬಂದು ನೋಡಿದರೆ ಎಲ್ಲಾ ಇಳಿದಿತ್ತು. ಡಿಸ್ಕ್ ತರಸ್ರಿ ಅಂದವರನ್ನೇ ಕರೆದು ಸ್ಕ್ರೀನ್ ತೋರಿಸಿದೆ.

ಆದರೂ ಫೈಲ್ ಮೂಲದಂತೆಯೇ ಇದೆಯಾ ಎಂದು ತಾಳೆ ನೋಡುವ ಶಾ-256 ಹಾಕದೆ ಬಿಡಲಿಲ್ಲ. ದಾರಿಯಲ್ಲಿ ಕೆಟ್ಟ ಡೇಟಾವನ್ನು ಎಚ್‌ಟಿಟಿಪಿಎಸ್ ಹಿಡಿಯುತ್ತೆ, ಡಿಸ್ಕಿಗೆ ಬರೆಯುವಾಗ, ದಾಟಿಸುವಾಗ ಆಗುವ ತಪ್ಪನ್ನು ಹಿಡಿಯಲ್ಲ. 340ರಷ್ಟು ಫೈಲಿನಲ್ಲಿ ಎರಡು ತಾಳೆಯಾಗಲಿಲ್ಲ. ಅವೆರಡನ್ನೇ ಮತ್ತೆ ತರಿಸಿದೆ, ಐದು ನಿಮಿಷದ ಕೆಲಸ.