ಚಿಕ್ಕಮ್ಮನವರ ಅವಲಂಬನೆಯನ್ನು ದಾಖಲೆಯಲ್ಲಿ ತೋರಿಸಿದ ಬಗೆ

ನೆದರ್‌ಲೆಂಡ್ಸ್ ಪೌರತ್ವ ಪಡೆದು ಐರ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನಾನು, ಮೈಸೂರಿನಲ್ಲಿ ಒಬ್ಬರೇ ಇದ್ದ ಚಿಕ್ಕಮ್ಮನವರನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ಮೊದಲು ತಿರಸ್ಕೃತವಾಯಿತು. ಕಳುಹಿಸಿದ ಹಣಕ್ಕೆ ಬ್ಯಾಂಕ್ ದಾಖಲೆಯಿದ್ದರೂ ಅವರ ಜೀವನ ಅದರಿಂದಲೇ ನಡೆಯುತ್ತಿದೆ ಎಂಬುದಕ್ಕೆ ಪುರಾವೆ ಸಾಲದು ಎಂದು ಕಾರಣ ಕೊಟ್ಟಿದ್ದರು. ಒಂದು ಸದಸ್ಯದೇಶದ ಪೌರರೂ ಅವರ ಕುಟುಂಬದವರೂ ಇನ್ನೊಂದು ಸದಸ್ಯದೇಶದಲ್ಲಿ ನೆಲೆಸುವುದನ್ನು ಕುರಿತ ಐರೋಪ್ಯ ಒಕ್ಕೂಟದ 2004ರ ನಿರ್ದೇಶನದ (ಸದಸ್ಯದೇಶಗಳು ಪಾಲಿಸಬೇಕಾದ ಕಾನೂನು) 3ನೆಯ ವಿಧಿಯ ಪ್ರಕಾರ ಇಂಥ ಬಂಧುಗಳಿಗೆ ಹೆಂಡತಿ ಮಕ್ಕಳಿಗಿರುವಂತೆ ತಾನಾಗಿ ಬರುವ ಹಕ್ಕಿಲ್ಲ. ಆದರೆ ಅವರ ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸುವುದೂ, ನಿರಾಕರಿಸಿದರೆ ಕಾರಣ ತಿಳಿಸುವುದೂ ಸರ್ಕಾರದ ಹೊಣೆ. ಅವಲಂಬನೆಯು ಬಂಧು ಹೊರಟುಬರುವ ದೇಶದಲ್ಲಿ, ಕನಿಷ್ಠ ಅರ್ಜಿಯ ಸಮಯದಲ್ಲಾದರೂ ಇರಬೇಕೆಂದು ಒಕ್ಕೂಟದ ನ್ಯಾಯಾಲಯದ 2012ರ ರಹಮಾನ್ ತೀರ್ಪು ಹೇಳುತ್ತದೆ. ಆದ್ದರಿಂದ ಮರುಪರಿಶೀಲನೆಗೆ ಬಾಡಿಗೆ ರಸೀತಿ, ಔಷಧದ ಬಿಲ್ಲು, ವಿಧವಾ ವೇತನದ ಪಾಸ್‌ಬುಕ್ಕುಗಳನ್ನು ತಿಂಗಳುವಾರು ಜೋಡಿಸಿ, ಪ್ರತಿ ಖರ್ಚಿನೆದುರು ನನ್ನ ಹಣ ಜಮೆಯಾದ ಸಾಲನ್ನು ಗುರುತಿಸಿದೆ. ವಿಧವಾ ವೇತನ ಬಾಡಿಗೆಗೇ ಸಾಲದೆಂಬುದು ಎದ್ದುಕಂಡಿತು, ಅನುಮತಿ ದೊರೆಯಿತು.